ಅಲ್ಲವ್ವನ ಪಾಳಿ

ನಾಗನೂರಿನ ಕೆಂಚವ್ವನಿಗೆ ಹೊಲವಿರಲಿಲ್ಲ, ಗಂಡ ಸತ್ತ ಮೇಲೆ ಮನೆಯೂ ಭಾವನ ಪಾಲಾಗಿತ್ತು. ಅವಳಿಗೆ ಉಳಿದ ಆಸ್ತಿ ಎಂದರೆ ಎರಡು ಕಾಲು. ಅವು ಗಾಣದ ಕಂಬದಂಥ ಕಾಲು. ಹೊತ್ತು ಹುಟ್ಟುವಾಗ ನಿಂತರೆ ಮುಳುಗುವ ತನಕ ನೆಲಕ್ಕೆ ಕುಂಡಿ ಹಚ್ಚದೆ ನಿಂತಾಳು. ಆ ಕಾಲುಗಳನ್ನೇ ಹಿಡಿದುಕೊಂಡು ಗೋಕಾಕಕ್ಕೆ ಬಂದಳು, ಮಂದಿಯ ಸಲುವಾಗಿ ಪಾಳಿ ನಿಲ್ಲುವುದನ್ನು ಬದುಕು ಮಾಡಿಕೊಂಡಳು.

ಚಿಮಣಿ ಎಣ್ಣೆಯ ಅಂಗಡಿ, ರೇಷನ್ ಅಂಗಡಿ, ಸರಕಾರಿ ದವಾಖಾನೆ, ಎಲ್ಲೆಲ್ಲಿ ಜನ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೋ ಅಲ್ಲೆಲ್ಲ ಕೆಂಚವ್ವ ಇದ್ದಳು. ಮೊದಮೊದಲು ಬಸುರಿಯರಿಗೆ, ಬಾಣಂತಿಯರಿಗೆ, ಬೆನ್ನು ಬಾಗಿದ ಮುದುಕರಿಗೆ ನಿಂತಳು. ಅವರು ಮರದ ನೆರಳಿಗೆ ಕೂತಿರುತ್ತಿದ್ದರು, ಪಾಳಿ ಬಂದಾಗ ಇವಳು ಕೂಗಿ ಕರೆಯುತ್ತಿದ್ದಳು. ಒಂದು ಬೊಗಸೆ ಜೋಳ, ಒಂದು ಹಳೆಯ ಕುಬಸ ಕೊಟ್ಟರೆ ಸಂತೋಷ. ಆಮೇಲೆ ಮೈ ಬಗ್ಗದ ಉಳ್ಳವರೂ ಅವಳ ಕಾಲನ್ನು ಕಂಡುಕೊಂಡರು. ಕೆಂಚವ್ವ ಅವರಿಗೂ ಇಲ್ಲವೆನ್ನಲಿಲ್ಲ. ಹೊಟ್ಟೆಗೆ ಸಿರಿವಂತರ ಜೋಳ ಬಡವರ ಜೋಳ ಎಂಬ ಭೇದ ಗೊತ್ತಾಗುವುದಿಲ್ಲ.

ಒಂದೇ ಹೊತ್ತಿಗೆ ಇಬ್ಬರ ಪಾಳಿ ಹಿಡಿಯಬೇಕಾದರೆ ಅವಳು ಕಲ್ಲು ಇಡುತ್ತಿದ್ದಳು. ಅದು ಅವಳು ಹುಟ್ಟಿಸಿದ ರೀತಿಯಲ್ಲ. ನಾಗನೂರು, ಮಸಗುಪ್ಪಿ, ಮೂಡಲಗಿ ಕಡೆಯ ನಳದ ಮುಂದೆಲ್ಲ ಅದು ಮೊದಲಿನಿಂದ ನಡೆದುಬಂದದ್ದು. ಹೆಂಗಸು ಕೊಡವನ್ನು ಸಾಲಿಗಿಟ್ಟು ರೊಟ್ಟಿ ಬಡಿಯಲು ಹೋದರೆ ಹಿಂದಿನವಳು ಅದನ್ನು ಕೈಯಿಂದ ಮುಂದೆ ಸರಿಸುತ್ತಾಳೆ, ಕಾಲಿನಿಂದ ಎಂದೂ ಒದೆಯುವುದಿಲ್ಲ. ಕೊಡವಿಲ್ಲದ ಕಡೆ ಕಲ್ಲು. ಇಟ್ಟವರು ಬರುವ ತನಕ ಆ ಕಲ್ಲೇ ಮನುಷ್ಯ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಜಿನಪ್ಪ ಸಾಹುಕಾರ ಫಾಲ್ಸಿನ ದಾರಿಯಲ್ಲಿದ್ದ ತನ್ನ ಚಿಕ್ಕೂ ತೋಟದಲ್ಲಿ ಮಕ್ಕಳ ರೈಲು, ಜಾರುಬಂಡಿ ಹಾಕಿಸಿ, ನಡುವೆ ಆಕಾಶಕ್ಕೆ ಮುಟ್ಟುವಂಥ ತೊಟ್ಟಿಲ ಚಕ್ರ ನಿಲ್ಲಿಸಿದ. ಮಳೆಗಾಲದಲ್ಲಿ ಜಲಪಾತ ನೋಡಲು ಬಂದ ಜನವೆಲ್ಲ ತೋಟಕ್ಕೆ ನುಗ್ಗತೊಡಗಿತು. ಬಿದಿರಿನ ಗಳು ಕಟ್ಟಿ ಮಾಡಿದ ಓಣಿಯಲ್ಲಿ ಪಾಳಿ ಹಾವಿನಂತೆ ಸುತ್ತಿ ಸುತ್ತಿ ಬರುತ್ತಿತ್ತು. ಹುಕ್ಕೇರಿ ಕಡೆಯ ದೊಡ್ಡ ಮಂದಿ ನಿಂತು ಬೇಸತ್ತು ಬೈದರೆಂದು ಜಿನಪ್ಪ ಬಾಜೂಕ್ಕೆ ಇನ್ನೊಂದು ಬಾಗಿಲು ತೆಗೆಸಿದ. ಹೆಚ್ಚು ಕೊಟ್ಟವರಿಗೆ ಕೆಂಪು ಚೀಟಿ. ಅವರು ಎತ್ತರದ ಕಟ್ಟೆಯೇರಿ ನೆಟ್ಟಗೆ ತೊಟ್ಟಿಲ ಬುಡಕ್ಕೇ ಹೋಗುವರು. ಜನ ಅದಕ್ಕೆ ಜಲ್ದಿ ಬಾಗಿಲು ಎಂದರು.

ಆ ತೋಟಕ್ಕೆ ಮಸಗುಪ್ಪಿಯ ಅಲ್ಲವ್ವ ಅಪ್ಪನ ಜೊತೆ ಬಂದಳು. ಸೋಮಲಿಂಗನ ಮಗಳು, ಮದುವೆಯ ವಯಸ್ಸು ದಾಟಿದವಳು. ಕೂಸಿದ್ದಾಗ ಬಂದ ಜ್ವರ ಸೊಂಟದ ಕೆಳಗಿನದನ್ನೆಲ್ಲ ಒಯ್ದಿತ್ತು. ಅಂಗೈಗೆ ಟಾಯರಿನ ತುಂಡು ಕಟ್ಟಿಕೊಂಡು ಮೈಯನ್ನು ಎಳೆದು ನಡೆಯುತ್ತಿದ್ದಳು. ಮೊದಲು ಟಪ್ಪೆಂದು ಕೈಯ ಸಪ್ಪಳ, ಹಿಂದೆಯೇ ಸರ್‍ರೆಂದು ಮೈ ಎಳೆದ ಸಪ್ಪಳ. ಬಿದಿರಿನ ಓಣಿಗೆ ಇಳಿದರೆ ಮಂದಿಯ ಕಾಲು ಅವಳ ಕೈ ತುಳಿಯುವುದು ಖಂಡಿತ. ಜಲ್ದಿ ಬಾಗಿಲ ಕಟ್ಟೆ ಅವಳ ಎದೆಮಟ್ಟಕ್ಕಿತ್ತು. ಎತ್ತಿಕೊಂಡು ಹೋಗೋಣವೆಂದರೆ ಸೋಮಲಿಂಗನಿಗೆ ಅಷ್ಟು ಹೊತ್ತು ಎತ್ತಿ ಹಿಡಿದು ನಿಲ್ಲುವ ತ್ರಾಣವಿರಲಿಲ್ಲ.

“ಯಕ್ಕಾ, ನನಗೊಂದು ಪಾಳಿ ಹಿಡಿ” ಎಂದಳು ಅಲ್ಲವ್ವ.

“ಮ್ಯಾಲ ಹೋದ್ರ ಹೆದರಂಗಿಲ್ಲೇನ?”

“ಹುಟ್ಟಿದಾಗಿಂದ ಮಂದಿ ಮೊಣಕಾಲ ನೋಡಿ ನೋಡಿ ಸಾಕಾಗೇತಿ. ಒಮ್ಮೆ ಮ್ಯಾಲ ಕುಂತು ಮಂದಿ ನೆತ್ತಿ ನೋಡಬೇಕಾಗೇತಿ. ಯಾರದು ಬೋಳು, ಯಾರ ತಲ್ಯಾಗ ಹೇನು ಅದಾವು, ಎಲ್ಲಾ ನೋಡಬೇಕು.”

ಕೆಂಚವ್ವ ನಕ್ಕಳು. “ನನ್ನ ನೆತ್ತಿ ನೋಡಬ್ಯಾಡವಾ. ಎಣ್ಣಿ ಕಂಡು ವರ್ಷ ಆತು.”

“ನಿಂದ ಮೊದಲ ನೋಡ್ತೇನಿ.”

“ಆತು ನಡಿ. ನಾ ಇರೂ ತನಕ ನಿನ್ನ ಪಾಳಿ ಯಾರೂ ಕಸಗೊಳ್ಳಂಗಿಲ್ಲ. ಇದು ಕೆಂಚವ್ವನ ಮಾತು.”

ಅದೇ ಹೊತ್ತಿಗೆ ಹುಕ್ಕೇರಿಯ ಅರಿವೆ ವ್ಯಾಪಾರಿಯ ಮನೆಯವರು ಬಂದರು. ಅಂದು ಕೆಂಪು ಚೀಟಿ ತೀರಿಹೋಗಿದ್ದವು. ತಮ್ಮ ಪಾಳಿ ನಿಂತರೆ ಹೊಸ ಸೀರೆ ಕೊಡುತ್ತೇವೆಂದರು. ಕೆಂಚವ್ವ ಅವರಿಗಾಗಿ ತನ್ನ ಮೈ ನಿಲ್ಲಿಸಿದಳು, ಅಲ್ಲವ್ವನಿಗಾಗಿ ತನ್ನ ಹಿಂದೆ ಕಲ್ಲು ಇಟ್ಟಳು. ಕಲ್ಲಾದರೇನು, ಮೈಯಾದರೇನು, ಎರಡೂ ಒಂದೇ ಎಂಬ ನಂಬಿಕೆ ಅವಳದು. ವ್ಯಾಪಾರಿಯ ಮನೆಯವರ ಪಾಳಿ ಬಂದಾಗ ಅವರನ್ನು ಕೂಗಿ ಒಳಗೆ ಬಿಟ್ಟು, ಸೀರೆ ಇಸಕೊಳ್ಳಲು ಅವರ ಡ್ರೈವರನ ಹಿಂದೆ ಮೋಟಾರಿನ ತನಕ ಹೋದಳು. ಕಲ್ಲಿನ ಹಿಂದೆ ನಿಂತವರು ದೂರದ ಪಟ್ಟಣದವರು. ಪಾಳಿಯಲ್ಲಿ ಕಲ್ಲು ಯಾಕಿದೆ ಎಂಬುದು ಅವರಿಗೇನು ಗೊತ್ತು? ದಾರಿಗೆ ಅಡ್ಡವಾಗಿದೆ ಎಂದು ಒಬ್ಬ ಬೂಟಿನಿಂದ ಒದ್ದ. ಕಲ್ಲು ಕೆಸರಿಗೆ ಬಿತ್ತು.

ಕೆಂಚವ್ವ ತಿರುಗಿ ಬರುವಷ್ಟರಲ್ಲಿ ಪಾಳಿ ಅಲ್ಲವ್ವನ ಜಾಗ ನುಂಗಿ ಮುಂದೆ ಹೋಗಿತ್ತು. ಬಾಗಿಲು ಕಾಯುವ ಶಿದ್ರಾಮನ ಜೊತೆ ಜಗಳ ತೆಗೆದಳು. “ಕಲ್ಲಿನ ಲೆಕ್ಕ ನನಗ ಹೇಳಬ್ಯಾಡ, ಮನಷ್ಯಾರ ಇದ್ರ ಬಿಡ್ತೇನಿ” ಎಂದ ಅವನು. ಅಷ್ಟರಲ್ಲಿ ಮಳೆ ಹೊಯ್ದು ಚಕ್ರ ನಿಂತಿತು. ಗಿಡದ ಕೆಳಗೆ ತೊಯ್ದು ಕೂತಿದ್ದ ಅಲ್ಲವ್ವನ ಮೋರೆಯಲ್ಲಿ ಸಿಟ್ಟು ಇರಲಿಲ್ಲ. “ಇರ್ಲಿ ಬಿಡಕ್ಕಾ. ಮತ್ತ ಬರ್ತೇನಿ. ನನ್ನ ಪಾಳಿ ಹಂಗ ಇಟ್ಟಿರು” ಎಂದಳು.

ಅವಳು ಬರಲಿಲ್ಲ. ಆ ವರ್ಷ ದಸರೆಗಿಂತ ಮೊದಲೇ ಜ್ವರ ಬಂದು ತೀರಿಕೊಂಡಳೆಂಬ ಸುದ್ದಿ ಮಸಗುಪ್ಪಿಯ ಕಡೆಯಿಂದ ಬಂತು. ಕೆಂಚವ್ವ ಹೊಸ ಸೀರೆಯನ್ನು ಮಡಿಕೆ ಬಿಚ್ಚದೆ ಯಾರಿಗೋ ಕೊಟ್ಟುಬಿಟ್ಟಳು.

ಮರುವರ್ಷ ಮೊದಲ ಮಳೆ ಬಿದ್ದ ಮೇಲೆ ಅದು ಶುರುವಾಯಿತು. ಚಿಮಣಿ ಎಣ್ಣೆಯ ಪಾಳಿಯಲ್ಲಿ ಕೆಂಚವ್ವನ ಮುಂದೆ ಒಬ್ಬರು ಕೂರುವಷ್ಟು ಜಾಗ ತೆರವಾಗಿ ನಿಂತಿತು. ಅವಳು ಮುಂದೆ ಸರಿದರೆ ಅದೂ ಸರಿಯಿತು. ಹಿಂದಿದ್ದ ಕಾಶೆವ್ವ ಬಾಯಿ ಮಾಡಿದಳು. “ಏ ಮುದುಕಿ, ಕಾಲಾಗ ಮೊಳಿ ಬಡದಾರೇನ? ಮುಂದ ಸರಿ.” ಹೀಗೆಂದು ಇವಳನ್ನು ದಾಟಿ ಆ ಜಾಗಕ್ಕೆ ಕಾಲಿಟ್ಟವಳೇ ಕೆಂಡ ತುಳಿದಂತೆ ಹಿಂದಕ್ಕೆ ಜಿಗಿದಳು. “ಯವ್ವಾ! ಯಾರದೋ ಕೈ ತುಳದ್ನೆಲೇ!” ನೆಲದ ಮೇಲೆ ಏನೂ ಇರಲಿಲ್ಲ. ಹಸಿ ಮಣ್ಣಿನಲ್ಲಿ ಟಾಯರಿನ ಹಲ್ಲು ಮೂಡಿದ ಗುರುತು ಮಾತ್ರ ಇತ್ತು.

ದವಾಖಾನೆಯಲ್ಲೂ ಹಾಗೆಯೇ. ಕಂಪೌಂಡರ್ ಗುಳಿಗೆ ಎಣಿಸುತ್ತ ತಲೆಯೆತ್ತದೆ, “ಏ ಕೆಳಗ ಕುಂತಾಕಿ, ಮುಂದ ಬಾ” ಎಂದ. ಯಾರೂ ಬರಲಿಲ್ಲವೆಂದು ಕಣ್ಣೆತ್ತಿ ನೆಲ ನೋಡಿದ, ಕೆಂಚವ್ವನನ್ನು ನೋಡಿದ, ಆಮೇಲೆ ಗುಳಿಗೆಯನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದ. ಬೀದಿನಾಯಿಗಳು ಪಾಳಿಯ ನಡುವೆ ನುಸುಳುವಾಗ ಆ ತೆರವು ಜಾಗವನ್ನು ಬಳಸಿಕೊಂಡು ಹೋಗುತ್ತಿದ್ದವು. ಮಂದಿ ನಿಧಾನಕ್ಕೆ ಕೆಂಚವ್ವನನ್ನು ಕರೆಯುವುದು ಬಿಟ್ಟರು. ಅವಳಿಗೆ ಹೊಟ್ಟೆಯ ಚಿಂತೆಗಿಂತ ಕಿವಿಯ ಚಿಂತೆ ದೊಡ್ಡದಾಯಿತು. ಪಾಳಿ ಒಂದು ಹೆಜ್ಜೆ ಸರಿದಾಗೊಮ್ಮೆ ಮೊದಲು ಟಪ್ಪೆಂದು, ಹಿಂದೆಯೇ ಸರ್‍ರೆಂದು ಸಪ್ಪಳ.

ಕಡೆಗೆ ಮಸಗುಪ್ಪಿಗೆ ಹೋಗಿ ಸೋಮಲಿಂಗನ ಮುಂದೆ ಕೂತಳು.

“ಅಣ್ಣಾ, ಅಕಿ ನಿನಗ ಕಾಣ್ತಾಳೇನು?”

“ಇಲ್ಲವ್ವಾ” ಎಂದ ಸೋಮಲಿಂಗ. ಅವನ ದನಿಯಲ್ಲಿ ಮತ್ಸರವಿದ್ದಂತಿತ್ತು. “ಕನಸಿನ್ಯಾಗೂ ಬರಂಗಿಲ್ಲ. ನನ್ನ ಕೂಡ ಅಕಿದೇನೂ ಬಾಕಿ ಉಳದಿಲ್ಲ. ಮಾತು ಕೊಟ್ಟಾಕಿ ನೀನು.”

“ಪೂಜಿ ಮಾಡಿಸ್ಲೇನು? ಎಡಿ ಹಿಡೀಲೇನು?”

“ಹೋಳಿಗಿ ಬೇಡಿದ್ಲೇನು ಅಕಿ? ಪಾಳಿ ಬೇಡ್ಯಾಳ. ಪಾಳಿನ ಕೊಡು.” ಆಮೇಲೆ ಅವನೇ ಹೇಳಿದ, “ಜಲ್ದಿ ಕೊಡು. ಸಾವಕಾರ ಆ ಚಕ್ರಾ ಮಾರ್‍ಯಾನಂತ. ಐತವಾರ ಮುಗದ ಮ್ಯಾಲ ಬಿಚ್ಚಿಕೊಂಡು ಮಹಾರಾಷ್ಟ್ರದ ಕಡೆ ಒಯ್ತಾರಂತ.”

ಕೆಂಚವ್ವ ತಟ್ಟನೆ ಎದ್ದು ನಿಂತಳು. ಚಕ್ರವೇ ಹೋದರೆ ಈ ಪಾಳಿ ಎಲ್ಲಿ ಮುಗಿಯಬೇಕು? ತಾನು ಸಾಯುವ ತನಕ, ಸತ್ತ ಮೇಲೂ, ಮುಂದೆ ಅಲ್ಲವ್ವ, ಹಿಂದೆ ತಾನು.

ಐತವಾರ ಮಧ್ಯಾಹ್ನವೇ ತೋಟಕ್ಕೆ ಹೋಗಿ ಪಾಳಿಯ ಬಾಲಕ್ಕೆ ನಿಂತಳು. ಮೋಡ ಕವಿದು ಗಾಳಿ ನಿಂತಿತ್ತು. ಫಾಲ್ಸಿನ ಭೋರ್ಗರೆತ ಗಿಡಗಳ ಆಚೆಯಿಂದ ಒಂದೇ ಸಮ ಬರುತ್ತಿತ್ತು. ಬಿದಿರಿನ ಓಣಿಯಲ್ಲಿ ಜನ ಮೈಗೆ ಮೈ ತಿಕ್ಕಿ ನಿಂತಿದ್ದರೂ ಕೆಂಚವ್ವನ ಮುಂದಿನ ಜಾಗ ಮಾತ್ರ ತೆರವಾಗಿತ್ತು. ತಾಯಂದಿರ ಸೊಂಟದ ಮೇಲಿದ್ದ ಕೂಸುಗಳು ಬಗ್ಗಿ ಬಗ್ಗಿ ಆ ಜಾಗವನ್ನು ನೋಡಿ ನಗುತ್ತಿದ್ದವು. ಈ ಸಲ ಅವಳು ಕಲ್ಲು ಇಡಲಿಲ್ಲ, ಯಾರಿಗಾಗಿಯೂ ಕಾಲು ಕೊಡಲಿಲ್ಲ. ನೀರು ಕುಡಿಯಲು ಸಹ ಕದಲಲಿಲ್ಲ.

ಸಂಜೆಯ ಹೊತ್ತಿಗೆ ತೊಟ್ಟಿಲ ಬುಡಕ್ಕೆ ಮುಟ್ಟಿದಳು. ಶಿದ್ರಾಮ ಕಬ್ಬಿಣದ ಅಡ್ಡಪಟ್ಟಿ ಎತ್ತಿ, “ಹತ್ತಬೇ” ಎಂದ.

“ನಾನಲ್ಲಪಾ. ಮುಂದಿನಾಕಿ ಹತ್ಲಿ. ಆ ತೊಟ್ಟಿಲಾ ಹಂಗ ಬಿಡು.”

ಕೊನೆಯ ದಿನವೆಂದು ಬಂದು ನಿಂತಿದ್ದ ಜಿನಪ್ಪ ಸಾಹುಕಾರ ಮಾತು ಕೇಳಿ ಹತ್ತಿರ ಬಂದ. ಕೆಟ್ಟ ಮನುಷ್ಯನಲ್ಲ, ಇರುವೆಗೂ ದಾರಿ ಬಿಟ್ಟು ನಡೆಯುವವನು.

“ಏನವ್ವಾ ಇದು? ಖಾಲಿ ತೊಟ್ಟಿಲಾ ತಿರುಗಿಸಿದ್ರ ತೂಕ ತಪ್ಪತೈತಿ.”

“ಖಾಲಿ ಇಲ್ರೀ ಸಾವಕಾರ್ರ. ಮಸಗುಪ್ಪಿ ಅಲ್ಲವ್ವಂದು ಪಾಳಿ ಐತಿ. ಹ್ವಾದ ವರ್ಷ ಇಲ್ಲೇ ತಪ್ಪಿತ್ತು.”

ಜಿನಪ್ಪನಿಗೆ ನೆನಪಾಯಿತು. ಅವಳು ಸತ್ತ ಸುದ್ದಿಯೂ ಅವನಿಗೆ ಮುಟ್ಟಿತ್ತು. ಆದರೂ ಮಾತು ಬಿಡಲಿಲ್ಲ. “ಅದಕ್ಕ ನಾ ಏನ್ ಅನ್ಯಾಯ ಮಾಡೇನಿ? ಎರಡು ಬಾಗಲಾ ತಗದಿಟ್ಟೆ. ಯಾರಿಗೆ ಯಾವದು ಬೇಕೋ ಅದರಾಗ ಬರ್ಲಿ ಅಂತ.”

“ಎರಡೂ ಬಾಗಲಾ ಕಾಲಿದ್ದವರಿಗೇ ಇಟ್ರಿ.”

“ಕಾಲು ಬಾಡಿಗಿ ಕೊಟ್ಟು ಮಂದೀನ್ನ ಮುಂದ ದಾಟಿಸಿದಾಕಿ ನೀನು. ನನ್ನ ಕೆಂಪು ಚೀಟಿಗೂ ನಿನಗೂ ಏನ್ ಫರಕ್ ಐತಿ?”

ಕೆಂಚವ್ವ ತಲೆ ತಗ್ಗಿಸಿದಳು. “ಏನೂ ಫರಕ್ ಇಲ್ರಿ. ಅದಕ್ಕ ಅಕಿ ನನ್ನ ಬಿಟ್ಟು ಹೋಗವಲ್ಲಳು.”

ಇವರ ಮಾತಿಗೆ ಕಾಯದೆ ಜಲ್ದಿ ಬಾಗಿಲಿಂದ ಬಂದ ಒಬ್ಬ ಹೆಂಗಸು ಕೆಂಪು ಚೀಟಿ ಹಿಡಿದು ಆ ತೊಟ್ಟಿಲಿಗೆ ಕಾಲಿಡಹೋದಳು. ಇಟ್ಟ ಕಾಲು ತಡೆಯಿತು. “ಅಯ್ಯ, ಇಲ್ಲಿ ಯಾರೋ ಕುಂತಾರಲ್ರಿ” ಎಂದು ಸಹಜವಾಗಿಯೇ ಹೇಳಿ ಹಿಂದೆ ಸರಿದಳು. ಹೇಳಿದ ಮೇಲೆ ಖಾಲಿ ಪೀಠವನ್ನು ಕಣ್ಣಾರೆ ನೋಡಿದಳು. ಅವಳ ಕೈಯ ಚೀಟಿ ನೆಲಕ್ಕೆ ಬಿತ್ತು. ತೊಟ್ಟಿಲು, ಮೈಭಾರ ಬಿದ್ದಾಗ ತೂಗುವಂತೆ, ಒಮ್ಮೆ ಮೆಲ್ಲಗೆ ತೂಗಿತು.

ಜಿನಪ್ಪ ಶಿದ್ರಾಮನಿಗೆ ಕಣ್ಸನ್ನೆ ಮಾಡಿದ. ಶಿದ್ರಾಮ ಅಡ್ಡಪಟ್ಟಿ ಹಾಕಿ, ಮಿಕ್ಕ ತೊಟ್ಟಿಲುಗಳನ್ನು ತುಂಬಿಸಿದ. ಚಕ್ರ ಎದ್ದಿತು. ಇಂಜಿನ್ ನಡೆಸುವ ಕರೆಪ್ಪ, ಎಲ್ಲೂ ಹಗುರ ಬೀಳುತ್ತಿಲ್ಲ, ತೂಕ ಸರಿಯಾಗಿದೆ ಎಂದು ಕೂಗಿ ಹೇಳಿದ.

ಆ ತೊಟ್ಟಿಲು ನೆತ್ತಿಯ ಮೇಲೆ ಹೋದಾಗ ಕೆಳಗಿದ್ದವರೆಲ್ಲ ಒಮ್ಮೆಲೇ ಮೇಲೆ ನೋಡಿದರು. ಹೇನು ನೋಡುವಾಗ ಬೈತಲೆ ಬಿಡಿಸುತ್ತಾರಲ್ಲ, ಹಾಗೆ ಯಾರೋ ಒಬ್ಬೊಬ್ಬರ ಕೂದಲನ್ನೂ ಬೆರಳಿನಿಂದ ಮೆಲ್ಲಗೆ ಸರಿಸಿದಂತಾಯಿತು. ಗಂಡಸರು ಟೋಪಿ ಒತ್ತಿ ಹಿಡಿದರು, ಹೆಂಗಸರು ಸೆರಗು ಎಳೆದುಕೊಂಡರು. ಕೆಂಚವ್ವ ಮಾತ್ರ ಸೆರಗು ಜಾರಿಸಿ, ಎಣ್ಣೆ ಕಾಣದ ತಲೆಯನ್ನು ಬಗ್ಗಿಸಿ ನಿಂತಳು.

ಚಕ್ರ ನಿಂತಿತು. ಎಲ್ಲ ತೊಟ್ಟಿಲುಗಳಿಂದ ಜನ ಇಳಿದರು. ಶಿದ್ರಾಮ ಆ ಒಂದರ ಅಡ್ಡಪಟ್ಟಿ ಎತ್ತಿ ಹಿಡಿದು ನಿಂತ. ತೊಟ್ಟಿಲು ಅಲ್ಲಾಡಲಿಲ್ಲ, ಯಾರೂ ಇಳಿದ ಸಪ್ಪಳವಾಗಲಿಲ್ಲ. ಅವನು ಕೆಂಚವ್ವನ ಮೋರೆ ನೋಡಿದ.

“ಇಳೀವಲ್ಲಳಲ್ಲಬೇ. ಇನ್ನಾ ಎಷ್ಟೊತ್ತಂತ?”

“ಅಕಿನ್ನ ಕೇಳು” ಎಂದಳು ಕೆಂಚವ್ವ.

ಶಿದ್ರಾಮ ಕೇಳಲಿಲ್ಲ. ಅಡ್ಡಪಟ್ಟಿ ಮತ್ತೆ ಹಾಕಿದ. ಈ ಸಲ ಯಾರೂ ಹತ್ತಲು ಮುಂದೆ ಬರಲಿಲ್ಲ. ಒಬ್ಬಳನ್ನೇ ಹೊತ್ತು ಚಕ್ರ ಎದ್ದಿತು. ಜಲ್ದಿ ಬಾಗಿಲ ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ಬಂದು ಬಿದಿರಿನ ಓಣಿಯಲ್ಲಿ ನಿಂತರು. ಜಿನಪ್ಪ ಸಾಹುಕಾರ ಕೈಯ ಗಡಿಯಾರ ನೋಡಿದ, ಮೇಲೆ ನೋಡಿದ, ಕಡೆಗೆ ನಡೆದು ಹೋಗಿ ಪಾಳಿಯ ತುದಿಯಲ್ಲಿ ಎಲ್ಲರಿಗಿಂತ ಹಿಂದೆ ನಿಂತುಕೊಂಡ.