ಕೆಂಪೋ ಕರಿಯೋ

ನನ್ನ ಮೊಬೈಲು ಅತಿ ಹೆಚ್ಚು ಸಲ ರಿಂಗಾದದ್ದು ನಾನು ಹೊಸ ಗಾಡಿ ಕೊಳ್ಳಲು ಓಡಾಡುತ್ತಿದ್ದ ಆ ಚಳಿಗಾಲದಲ್ಲಿ. ಅದಕ್ಕೂ ಮೊದಲು ಅದು ದಿನವಿಡೀ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಸಾಲ ಬೇಕೇ ಎಂದು ಕೇಳುವ ಹುಡುಗಿಯರನ್ನು ಬಿಟ್ಟರೆ ನನ್ನನ್ನು ವಿಚಾರಿಸುವವರು ಯಾರೂ ಇರಲಿಲ್ಲ. ಒಮ್ಮೆಯಂತೂ ಅಂಥ ಒಬ್ಬ ಹುಡುಗಿಯನ್ನೇ ಊಟ ಆಯಿತಾ ಎಂದು ಕೇಳಿ ಬೈಸಿಕೊಂಡಿದ್ದೆ.

ನನಗೆ ನಲವತ್ತಾರು. ಮದುವೆಯಾಗಿಲ್ಲ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವ ಕೆಲಸ, ಮೂಡಲಗಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವ್ವ ಇದ್ದಷ್ಟು ದಿನ ಆ ಮನೆಯಲ್ಲಿ ಬೈಗುಳವಾದರೂ ಕೇಳುತ್ತಿತ್ತು. ಹುಡುಗಿ ನೋಡಿ ಬಂದಾಗಲೆಲ್ಲ ನಾನು ಹೌದು ಅನ್ನದೆ, ಅಲ್ಲ ಅನ್ನದೆ ತಿಂಗಳುಗಟ್ಟಲೆ ಕೂತುಬಿಡುತ್ತಿದ್ದೆ. "ಎರಡು ದ್ವಾಣ್ಯಾಗ ಕಾಲಿಟ್ಟಾಂವ ದಂಡಿ ಕಾಣಂಗಿಲ್ಲ" ಎಂದು ಅವಳು ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಗಿತ್ತು. ಈಗ ರೊಟ್ಟಿ ಖಾನಾವಳಿಯಿಂದ ಬರುತ್ತದೆ.

ಹಳೆಯ ನೂರು ಸಿಸಿ ಬೈಕು ಕೈಕೊಟ್ಟಾಗ, ಬದುಕಿನಲ್ಲಿ ಒಮ್ಮೆಯಾದರೂ ಜೋರಾಗಿ ಓಡುವ ಗಾಡಿ ಕೊಳ್ಳೋಣ ಅನ್ನಿಸಿತು. ಮೊಬೈಲಿನಲ್ಲಿ ತಿಂಗಳುಗಟ್ಟಲೆ ವೀಡಿಯೊ ನೋಡಿ ಕಡೆಗೆ ಎರಡರ ಮೇಲೆ ಮನಸ್ಸು ನಿಂತಿತು. ಗೋಕಾಕದ ಅಂಗಡಿಯಲ್ಲಿದ್ದದ್ದು ಕೆಂಪು ಗಾಡಿ. ಒಂದೇ ಸಿಲಿಂಡರು, ಹಗುರ ಮೈ, ಸ್ವಲ್ಪ ರೇಸ್ ಕೊಟ್ಟರೆ ಎಳೆಗರುವಿನ ಹಾಗೆ ಜಿಗಿಯುತ್ತಿತ್ತು. ಹುಕ್ಕೇರಿಯ ಅಂಗಡಿಯಲ್ಲಿದ್ದದ್ದು ಕರಿ ಗಾಡಿ. ಎರಡು ಸಿಲಿಂಡರು, ಭಾರ, ಆದರೆ ನೂರರ ಮೇಲೆ ಹೋದರೂ ಕೈಗೆ ನಡುಕವೇ ಬರುವುದಿಲ್ಲ. ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಮೂರನೇ ಗೇರ್ ಬಿದ್ದರೆ ಪುಣ್ಯ. ಎರಡೂ ಗಾಡಿ ನನಗೆ ಅನಗತ್ಯ ಎಂಬುದು ನನಗೂ ಗೊತ್ತಿತ್ತು.

ಗೋಕಾಕದ ಸೇಲ್ಸ್‌ಮನ್ ಮೂವತ್ತರ ಆಸುಪಾಸಿನ ಮಾತಿನಮಲ್ಲ. ಟ್ರಯಲ್‌ಗೆ ಹೊರಟಾಗ ಅಂಗಡಿಯ ಪದ್ಧತಿಯಂತೆ ಹಿಂದೆ ಕೂತ. ಕೂತವನು ನನ್ನ ಬಲಭುಜದ ಮೇಲೆ ಕೈ ಇಟ್ಟ.

"ಜೋರ ಹೊಡೀರಿ ಸರ, ಏನಾಗಂಗಿಲ್ಲ," ಅಂದ.

ನಾನು ಜೋರು ಹೊಡೆಯಲಿಲ್ಲ. ಅವ್ವನನ್ನು ಕುಲಗೋಡಕ್ಕೆ, ಅವಳ ತವರಿಗೆ, ಕರೆದೊಯ್ಯುವಾಗ ಅದೇ ಜಾಗದಲ್ಲಿ ಅವಳ ಕೈ ಇರುತ್ತಿತ್ತು. ಅವಳು ಹೋದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂಬುದು ಆಗಲೇ ನನಗೆ ಹೊಳೆದದ್ದು. ಕ್ಷೌರದವನನ್ನು ಲೆಕ್ಕಕ್ಕೆ ಹಿಡಿಯಬಾರದು.

ಹುಕ್ಕೇರಿಯಲ್ಲಿ ಹಾಗಲ್ಲ. ಅಲ್ಲಿನ ಮಾಲಕರು ಲೈಸೆನ್ಸ್ ಇಟ್ಟುಕೊಂಡು ಕೀಲಿ ಕೊಟ್ಟು, "ಹತ್ತರಗಿ ತನಕ ಹೋಗಿ ಬರ್ರಿ, ಹೈವೇದಾಗ ಇದರ ಖರೆ ತಾಕತ್ತು ಗೊತ್ತಾಗತೈತಿ" ಎಂದು ಕಳಿಸಿಬಿಟ್ಟರು. ಖರೆ ಹೇಳಿದ್ದರು. ಹೆದ್ದಾರಿಗೆ ಬಿದ್ದ ಮೇಲೆ ಅದು ಓಡಿದ್ದೇ ಓಡಿದ್ದು. ಹತ್ತರಗಿಯಲ್ಲಿ ನಿಲ್ಲಿಸಿ ಚಹಾ ಕುಡಿಯುವಾಗ ಕೈ ಇನ್ನೂ ಬೆಚ್ಚಗಿತ್ತು. ಇದನ್ನು ಯಾರಿಗಾದರೂ ಈಗಲೇ ಹೇಳಬೇಕು ಅನ್ನಿಸಿ ಮೊಬೈಲ್ ತೆಗೆದೆ. ಹೆಸರುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಕೊನೆಗೆ ಗೋಕಾಕದ ಸೇಲ್ಸ್‌ಮನ್‌ಗೇ ಫೋನ್ ಮಾಡಿ ಹುಕ್ಕೇರಿಯ ಗಾಡಿಯನ್ನು ಹೊಗಳಿದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಆ ಗಾಡಿ ಕಾಲ ಸುಡತೈತ್ರಿ ಸರ. ಬ್ಯಾಸಿಗ್ಯಾಗ ಪ್ಯಾಂಟ್ ಇಸ್ತ್ರಿ ಮಾಡೂದ ಬ್ಯಾಡ" ಎಂದ. ಚಹಾ ಆರುವವರೆಗೆ ಮಾತಾಡಿದೆವು. ನಕ್ಕು ಎಷ್ಟೋ ದಿನವಾಗಿತ್ತು. ಅಂದಿನಿಂದ ಎರಡೂ ಅಂಗಡಿಯವರು ಯಾವುದು ಆಯಿತು ಎಂದು ಎರಡು ದಿನಕ್ಕೊಮ್ಮೆ ಫೋನ್ ಮಾಡತೊಡಗಿದರು.

ಸುದ್ದಿ ಮೂಡಲಗಿಯಲ್ಲೂ ಹಬ್ಬಿತು. ನಮ್ಮ ಓಣಿಯ ಹಿಟ್ಟಿನ ಗಿರಣಿ ಕಾಕಾ, ಅಷ್ಟು ವರ್ಷ ಅವ್ವ ಕೊಟ್ಟು ಕಳಿಸಿದ ಜೋಳದ ಡಬ್ಬಿ ತೂಗಿ ಕೊಡುವುದಷ್ಟೇ ಮಾಡಿದವರು, ಈಗ ನಾನು ಕಂಡರೆ ಗಿರಣಿಯನ್ನೇ ನಿಲ್ಲಿಸಿ ಕೇಳುತ್ತಿದ್ದರು.

"ಯಾವುದು ಆತೋ ತಮ್ಮಾ, ಕೆಂಪೋ ಕರಿಯೋ?"

"ಇನ್ನೂ ನೋಡಾಕತ್ತೇನ್ರಿ ಕಾಕಾ."

"ಒಂದ ಸಿಲಿಂಡರ್‌ದ ತಗೋ. ಎರಡ ಸಿಲಿಂಡರ್ ಅಂದ್ರ ಎರಡ ಹೆಂಡ್ರ ಇದ್ದಂಗ. ನಿನಗ ಒಬ್ಬಾಕಿನ್ನ ಸಂಭಾಳಿಸಿದ ರೂಢಿನೂ ಇಲ್ಲ."

ಬೀಸಲು ಬಂದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೆಂಪು ಪಾರ್ಟಿ, ಕರಿ ಪಾರ್ಟಿ ಎಂದು ಓಣಿಯಲ್ಲಿ ಎರಡು ಗುಂಪೇ ಆದವು. ಲ್ಯಾಬಿನಲ್ಲೂ ಊಟದ ಹೊತ್ತಿಗೆ ನನ್ನ ಡಬ್ಬಿಯ ಪಕ್ಕ ಯಾರಾದರೂ ಬಂದು ಕೂಡುತ್ತಿದ್ದರು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಎರಡು ಗಾಡಿಗಳ ಬಗ್ಗೆ ತಿಳಿಯಬೇಕಾದದ್ದೆಲ್ಲ ನನಗೆ ತಿಳಿದಿತ್ತು. ಆದರೂ ವಾರದ ರಜೆ ಬಂತೆಂದರೆ ಶರ್ಟು ಇಸ್ತ್ರಿ ಮಾಡಿಕೊಂಡು ಗೋಕಾಕದ ಬಸ್ ಹತ್ತುತ್ತಿದ್ದೆ.

ಹೀಗೇ ಎಷ್ಟು ದಿನ ನಡೆಯುತ್ತಿತ್ತೋ. ಒಂದು ದಿನ ಟ್ರಯಲ್ ಮುಗಿಸಿ ಬಂದಾಗ ಸೇಲ್ಸ್‌ಮನ್ ಹಿಂದಿನಿಂದ ಇಳಿಯದೆ ಕೂತಲ್ಲೇ ದನಿ ತಗ್ಗಿಸಿ ಹೇಳಿದ.

"ಸರ, ತಪ್ಪ ತಿಳೀಬ್ಯಾಡ್ರಿ. ಇನ್ನೊಂದ ಸಲ ಟ್ರಯಲ್ ಅಂದ್ರ ಮಾಲಕ್ರು ನನ್ನ ಬೈತಾರ್ರಿ. ಅಂವ ತಗೋಳ್ಳಾಂವ ಅಲ್ಲ, ಬಿಟ್ಟಬಿಡು ಅನ್ನಾಕತ್ತಾರ."

ಅವನ ಕೈ ನನ್ನ ಭುಜದ ಮೇಲೇ ಇತ್ತು. ನಾನು ಗಾಡಿ ಬಂದ್ ಮಾಡಿ, "ಕೆಂಪನ್ನೇ ಬುಕ್ ಮಾಡ್ರಿ" ಅಂದೆ. ನನ್ನ ಓಡಾಟಕ್ಕೆ, ನನ್ನ ವಯಸ್ಸಿಗೆ, ಹೆದ್ದಾರಿಯ ಆಸೆಗೆ ಕರಿ ಗಾಡಿಯೇ ಸರಿಯಾದದ್ದು ಎಂದು ಅವನಿಗೇ ಫೋನಿನಲ್ಲಿ ಹೇಳಿದ್ದ ಬಾಯಲ್ಲೇ ಇದನ್ನೂ ಹೇಳಿದೆ. ಮದುವೆಯ ವಿಷಯದಲ್ಲಿ ಇಷ್ಟು ಲಗುಬಗೆ ಮಾಡಿದ್ದರೆ ಅವ್ವ ನೆಮ್ಮದಿಯಾಗಿ ಹೋಗುತ್ತಿದ್ದಳು.

ಗಾಡಿ ಬಂದ ದಿನ ಅವನೇ ಫೋನ್ ಮಾಡಿದ. "ಮನಿಯವರು ಎಷ್ಟ ಮಂದಿ ಬರ್ತೀರಿ ಸರ? ಹಾರ, ಪೇಢೆ ತರಸೂದೈತಿ."

"ನಾ ಒಬ್ಬಾಂವನ."

"ಇರಲಿ ಬಿಡ್ರಿ, ನಾವ ಅದೀವಲ್ಲ" ಅಂದ.

ಬಿಲ್ ಬರೆಯುವ ಅಕ್ಕ ಆರತಿ ಬೆಳಗಿದರು. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಮನೆಮಂದಿಯೆಲ್ಲ ಸುತ್ತ ನಿಂತು ಹಿಡಿಯಲೆಂದು ಮಾಡಿದ ರಟ್ಟಿನ ದೊಡ್ಡ ಕೀಲಿಯ ಒಂದು ತುದಿ ನಾನು, ಇನ್ನೊಂದು ತುದಿ ಸೇಲ್ಸ್‌ಮನ್ ಹಿಡಿದು ಫೋಟೊ ತೆಗೆಸಿಕೊಂಡೆವು. "ಮೊದಲ ಸರ್ವಿಸ್ ಸಾವಿರ ಕಿಲೋಮೀಟರಿಗೆ ಐತ್ರಿ. ಅಲ್ಲಿ ತನಕ ಜೋರ ಹೊಡೀಬ್ಯಾಡ್ರಿ" ಎಂದು ಕಳಿಸಿಕೊಟ್ಟ.

ಗಿರಣಿ ಕಾಕಾ ಗಾಡಿಯ ಪೆಟ್ರೋಲ್ ಟಾಕಿ ಸವರಿ, "ಚಲೋ ಆತ ಬಿಡು ತಮ್ಮಾ, ಒಂದ ಕೆಲಸ ಮುಗೀತು" ಎಂದು ಬೇರೆಯವರ ಗೋಧಿ ತೂಗಲು ತಿರುಗಿದರು. ಅಷ್ಟೇ. ಮರುದಿನ ಗಿರಣಿ ನಿಲ್ಲಲಿಲ್ಲ. ಲ್ಯಾಬಿನಲ್ಲಿ ನನ್ನ ಡಬ್ಬಿಯ ಪಕ್ಕದ ಜಾಗ ಖಾಲಿಯಾಯಿತು. ಯಾರದೂ ತಪ್ಪಿಲ್ಲ. ಕೊಂಡಾದ ಮೇಲೆ ಕೇಳುವುದೇನಿರುತ್ತದೆ? ಮೊಬೈಲು ಮತ್ತೆ ಮೇಜಿನ ಮೇಲೆ ಬಿದ್ದುಕೊಂಡಿತು. ಇದು ಹೀಗಾಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು, ಆದರೂ ಬಹಳ ಕೆಡುಕೆನಿಸಿತು.

ಉಳಿದಿದ್ದದ್ದು ಮೊದಲ ಸರ್ವಿಸಿನ ಆ ಸಾವಿರ ಕಿಲೋಮೀಟರು. ಮನೆಗೂ ಕಾರ್ಖಾನೆಗೂ ಓಡಾಡಿದರೆ ಅದು ತುಂಬುವಷ್ಟರಲ್ಲಿ ಯುಗಾದಿ ದಾಟುತ್ತಿತ್ತು. ಹಾಗಾಗಿ ಪಾಳಿ ಮುಗಿದ ಮೇಲೆ ಸುಮ್ಮನೆ ನಾಗನೂರಿಗೆ ಹೋಗಿ ಬಂದೆ. ಕುಲಗೋಡದ ತನಕ ಹೋಗಿ, ಅವ್ವನ ತವರಿನ ಬಾಗಿಲಿಗೆ ಹೋಗದೆ ತಿರುಗಿ ಬಂದೆ. ರಜೆಯ ದಿನ ಹುಕ್ಕೇರಿ, ಹತ್ತರಗಿ. ಜೋರು ಓಡಿಸುವಂತಿರಲಿಲ್ಲ. ಅವ್ವ ಹಿಂದೆ ಕೂತಿದ್ದರೂ ಬೈಯದಷ್ಟು ಸಾವಕಾಶ ಹೋಗುತ್ತಿದ್ದೆ. ಖಾಲಿ ಟ್ರ್ಯಾಕ್ಟರುಗಳು ನನ್ನನ್ನು ದಾಟಿ ಹೋಗುತ್ತಿದ್ದವು.

ಸಾವಿರ ತುಂಬಿದ ಮರುದಿನವೇ ಗೋಕಾಕಕ್ಕೆ ಹೋದೆ. ಸೇಲ್ಸ್‌ಮನ್ ಮೀಟರ್ ನೋಡಿ ಹುಬ್ಬೇರಿಸಿದ.

"ಇಷ್ಟ ಲಗೂ ಆತೇನ್ರಿ? ಎಲ್ಲಿ ತಿರಗ್ಯಾಡಿದ್ರಿ ಸರ?"

"ಹಿಂಗ, ಕೆಲಸ ಇತ್ತು."

"ಕೂಡ್ರಿ, ಚಹಾ ಹೇಳ್ತೇನಿ," ಎಂದು ಹೋದ. ಗಾಡಿಯನ್ನು ಹಿಂದಿನ ಶೆಡ್ಡಿನವರು ಒಯ್ದರು. ಅವನು ಹೋದದ್ದು ಇನ್ನೊಬ್ಬ ಗಿರಾಕಿಯ ಹತ್ತಿರ. ನನ್ನದೇ ವಯಸ್ಸಿನವರು, ಶರ್ಟಿಗೆ ಗರಿಗರಿ ಇಸ್ತ್ರಿ. ಇಬ್ಬರೂ ಟ್ರಯಲ್‌ಗೆ ಹೊರಟರು. ಅವರ ಭುಜದ ಮೇಲೆ ಅವನ ಕೈ ಇತ್ತು. ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು.

ತಿರುಗಿ ಬಂದ ಮೇಲೆ ಆ ಗಿರಾಕಿ ನನ್ನ ಬೆಂಚಿನ ಮೇಲೆಯೇ ಬಂದು ಕೂತರು.

"ನೀವು ಈ ಕೆಂಪನ್ನ ತಗೊಂಡೀರಂತ. ನನಗ ತಿಳೀವಲ್ದ್ರಿ. ಹುಕ್ಕೇರ್ಯಾಗಿನ ಕರೀದೂ ಮನಸಿನ್ಯಾಗೈತಿ."

"ಮನ್ಯಾಗ ಏನಂತಾರ್ರಿ?" ಎಂದು ಕೇಳಿದೆ.

ಅವರು ನಕ್ಕರು. "ಮನ್ಯಾಗ ಅನ್ನವ್ರು ಯಾರದಾರ್ರಿ."

ಚಹಾ ಬಂತು. ನನ್ನದನ್ನು ಅವರ ಮುಂದೆ ಸರಿಸಿದೆ.

"ಹಂಗಾದ್ರ ಅವಸರ ಮಾಡಬ್ಯಾಡ್ರಿ," ಅಂದೆ. "ಕರೀದನ್ನೂ ಹತ್ತರಗಿ ತನಕ ಹೊಡ್ದ ನೋಡ್ರಿ. ನನ್ನ ನಂಬರ್ ತಗೋರಿ. ಅಲ್ಲಿ ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ."