ತಂತಿಯ ಆಚೆ ಒಂದು ಮನೆ

ಆಕೆ ತಲೆಗೆ ಕಟ್ಟುತ್ತಿದ್ದ ನೀಲಿ ಬಟ್ಟೆ ಯಾವಾಗ ನೋಡಿದರೂ ಎಡಗಿವಿಯ ಮೇಲೆ ಜಾರಿರುತ್ತಿತ್ತು. ಮದುವೆಯಾದ ಹೆಂಗಸರು ಕೂದಲು ಮುಚ್ಚಿಕೊಳ್ಳಬೇಕೆಂಬುದು ಅವರ ಪದ್ಧತಿ. ಮಗಳನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವಾಗ ಆ ಹುಡುಗಿ ಬೇರೇನೂ ಸಿಗದೆ ತಾಯಿಯ ಬಟ್ಟೆಯ ತುದಿಯನ್ನೇ ಹಿಡಿದು ಜಗ್ಗುತ್ತಿದ್ದಳು. ಬೆಳಿಗ್ಗೆ ನೆಟ್ಟಗೆ ಕಟ್ಟಿಕೊಂಡದ್ದು ಸ್ಕೂಲ್ ಬಸ್ ಬರುವಷ್ಟರಲ್ಲಿ ವಾಲಿರುತ್ತಿತ್ತು. ಒಂದು ಕೈಯಿಂದ ಅದನ್ನು ಸರಿಮಾಡಿಕೊಳ್ಳುತ್ತ, ಇನ್ನೊಂದರಿಂದ ಮಗಳ ಬಾಯಿ ಒರೆಸುತ್ತ, ನನ್ನನ್ನು ಕಂಡರೆ "ಗುಡ್ ಮಾರ್ನಿಂಗ್, ಮೈ ಡಿಯರ್" ಎನ್ನುತ್ತಿದ್ದಳು. ಆ ದೇಶದಲ್ಲಿ ಮೊದಮೊದಲು ನನ್ನನ್ನು ಬಾಯಿತುಂಬ ಮಾತಾಡಿಸಿದವಳು ಆಕೆಯೊಬ್ಬಳೇ.

ಎಡಿಸನ್ ಎಂಬ ಊರಿನ ಆ ಅಪಾರ್ಟ್‌ಮೆಂಟಿಗೆ ನಾವು ಬಂದದ್ದು ವೈಟುಕೆ ಎಂದು ಕಂಪ್ಯೂಟರುಗಳಲ್ಲಿ ಹೊಸ ಶತಮಾನದ ತಾರೀಖು ಸರಿಮಾಡುವ ಕೆಲಸಕ್ಕೆ ನಮ್ಮವರನ್ನೆಲ್ಲ ಕಂಪನಿಗಳು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ. ನಮ್ಮ ಯಜಮಾನರು ಬೆಳಿಗ್ಗೆ ಟ್ರೇನು ಹಿಡಿದು ನ್ಯೂಯಾರ್ಕಿಗೆ ಹೋದರೆ ತಿರುಗಿ ಬರುವುದು ಸಂಜೆ ದೀಪ ಹಚ್ಚಿದ ಮೇಲೆ. ನನಗೆ ಡ್ರೈವಿಂಗ್ ಬಾರದು, ಕೆಲಸ ಮಾಡಲು ವೀಸಾ ಬಿಡದು, ಇಂಗ್ಲಿಷೂ ಅಷ್ಟಕ್ಕಷ್ಟೇ. ನಮಗಿನ್ನೂ ಮಕ್ಕಳಾಗಿರಲಿಲ್ಲ. ದೇವರ ಮುಂದೆ ಎಷ್ಟು ಹೊತ್ತು ಕುಳಿತರೂ ದಿನ ಮುಗಿಯುತ್ತಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಆಕೆ, ಆಕೆಯ ಗಂಡ, ಹನ್ನೆರಡು ವರ್ಷದ ಮಗಳು. ಗಂಡ ಅವರ ಧರ್ಮದ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಮಗಳಿಗೆ ನಡೆಯಲಿಕ್ಕೂ ಬಾರದು, ಮಾತೂ ಬಾರದು. ಖುಷಿಯಾದರೆ ಗಂಟಲಿನಿಂದ ಪಾರಿವಾಳದ ಹಾಗೆ ಒಂದು ಸದ್ದು ಮಾಡುತ್ತಿದ್ದಳು, ಅಷ್ಟೇ.

ಅವರು ಯಹೂದಿಗಳು, ಬಹಳ ಕಟ್ಟುನಿಟ್ಟಿನವರು. ನಮ್ಮದೂ ಮಡಿಯ ಮನೆತನ. ನಾನು ಮಾಡಿದ್ದನ್ನು ಅವರು ತಿನ್ನುವಂತಿಲ್ಲ, ಅವರು ಮಾಡಿದ್ದನ್ನು ನಾನು ತಿನ್ನುವಂತಿಲ್ಲ. ಹಾಗಂತ ನಮ್ಮಿಬ್ಬರಿಗೂ ಬೇಜಾರಿರಲಿಲ್ಲ. ಕತ್ತರಿಸದ ಹಣ್ಣು ಮಾತ್ರ ಆ ಮನೆಯಿಂದ ಈ ಮನೆಗೆ ಹೋಗಿಬರುತ್ತಿತ್ತು. "ನಿನ್ನ ಅಡಿಗೆಮನೆಗೂ ನನ್ನದಕ್ಕೂ ಜಗಳ, ನಮಗಲ್ಲ" ಎಂದು ಆಕೆ ನಗುತ್ತಿದ್ದಳು.

ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಅವರಿಗೆ ದೇವರ ದಿನ. ಆ ದಿನ ದೀಪದ ಸ್ವಿಚ್ ಮುಟ್ಟುವುದಿಲ್ಲ, ಕಾರು ಹತ್ತುವುದಿಲ್ಲ, ಮನೆಯಿಂದ ಬೀದಿಗೆ ಒಂದು ಕರವಸ್ತ್ರವನ್ನೂ ಒಯ್ಯುವುದಿಲ್ಲ. ಒಯ್ಯುವಂತಿಲ್ಲ ಅಂದರೆ ತಳ್ಳುವಂತೆಯೂ ಇಲ್ಲ, ಬೇರೆಯವರಿಗೆ ಹೇಳಿ ಮಾಡಿಸುವಂತೆಯೂ ಇಲ್ಲ. ಆದರೆ ಅದಕ್ಕೊಂದು ದಾರಿಯನ್ನೂ ಅವರ ಹಿರಿಯರೇ ಇಟ್ಟಿದ್ದರು. ಒಂದು ಕೇರಿಯ ಸುತ್ತ ಕಂಬದಿಂದ ಕಂಬಕ್ಕೆ ತಂತಿ ಎಳೆದು ಆವರಣ ಮಾಡಿದರೆ, ಒಳಗಿನ ಬೀದಿಗಳೆಲ್ಲ ಒಂದೇ ಮನೆ ಇದ್ದ ಹಾಗೆ. ಅಲ್ಲಿ ತೊಟ್ಟಿಲಗಾಡಿ, ಗಾಲಿಕುರ್ಚಿ, ಏನು ಬೇಕಾದರೂ ತಳ್ಳಿಕೊಂಡು ಹೋಗಬಹುದು. ಅವರ ಪ್ರಾರ್ಥನಾಮಂದಿರದ ಸುತ್ತ ಅಂಥ ತಂತಿಯಿತ್ತು. ಆದರೆ ಅದು ದೊಡ್ಡ ರಸ್ತೆಯ ಆಚೆ ಬದಿಗೇ ಮುಗಿಯುತ್ತಿತ್ತು. ನಮ್ಮ ಅಪಾರ್ಟ್‌ಮೆಂಟು ಈಚೆ ಬದಿಗೆ. ನಮ್ಮ ಬಸ್‌ಸ್ಟಾಪಿನಲ್ಲಿ ನಿಂತು ನೋಡಿದರೆ ಆಚೆಯ ಕಂಬಗಳು ಕಾಣುತ್ತಿದ್ದವು.

ಶನಿವಾರ ಗಂಡ ನಡೆದುಕೊಂಡು ಪ್ರಾರ್ಥನೆಗೆ ಹೋಗುತ್ತಿದ್ದ. ತಾಯಿ ಮಗಳು ಮನೆಯಲ್ಲಿ.

ಒಂದು ಶನಿವಾರ ನಾನು ಕಸ ಚೆಲ್ಲಿ ಬರುವಾಗ ಆಕೆ ಬಾಗಿಲು ತೆರೆದುಕೊಂಡು ಮಗಳ ಕುರ್ಚಿಯ ಪಕ್ಕ ನಿಂತಿದ್ದಳು. ನನ್ನತ್ತ ನೋಡಲಿಲ್ಲ. ಎದುರಿನ ಗೋಡೆಗೆ ಹೇಳುವವಳಂತೆ, "ಇವಳಿಗೆ ಅಲ್ಲಿಯ ಹಾಡು ಅಂದರೆ ಪ್ರಾಣ. ಹಬ್ಬದ ದಿನ ತಳ್ಳಲು ತಡೆಯಿಲ್ಲವಲ್ಲ, ಅವತ್ತು ಕೇಳಿದ್ದು ಇನ್ನೂ ಮರೆತಿಲ್ಲ" ಎಂದಳು.

ನನಗೆ ನಗು ಬಂತು. ಧಾರವಾಡದಲ್ಲಿ ನಮ್ಮ ಅತ್ತೆ ಮಡಿಯಲ್ಲಿದ್ದಾಗ ಹೀಗೆಯೇ ಕಂಬದ ಜೊತೆ ಮಾತಾಡುತ್ತಿದ್ದರು. "ಹಿತ್ತಲ ಬಾಗಲಾ ತೆರದದ, ಆಕಳ ಒಳಗ ಬರ್ತದೋ ಏನೋ" ಎಂದು ಕಂಬಕ್ಕೆ ಹೇಳಿದರೆ, ಎದ್ದುಹೋಗಿ ಬಾಗಿಲು ಹಾಕಬೇಕಾದವಳು ನಾನು. ಇದು ನನಗೆ ಹೊಸ ಭಾಷೆಯಲ್ಲ. ಕೈ ತೊಳೆದುಕೊಂಡು ಬಂದು ಕುರ್ಚಿಯ ಹಿಡಿಕೆ ಹಿಡಿದೆ.

ಆಕೆ ಗಾಬರಿಯಾದಳು. "ಅಯ್ಯೋ, ಬೇಡ ಬೇಡ! ನಾನು ನಿನಗೆ ಹೇಳಲಿಲ್ಲ."

"ನನಗೆ ಅಲ್ಲ, ಗೋಡೆಗೆ ಹೇಳಿದಿರಿ. ಗೊತ್ತು" ಎಂದೆ.

ಆಕೆ ಬಿದ್ದು ಬಿದ್ದು ನಕ್ಕಳು. ಆದರೂ ಅವತ್ತು ಬಿಡಲಿಲ್ಲ. ಮರುವಾರ ತಮ್ಮ ಗುರುಗಳನ್ನು ಕೇಳಿಕೊಂಡು ಬಂದಳು. ಅವರು ಎಲ್ಲ ವಿಚಾರಿಸಿ, ಅನ್ಯಧರ್ಮದವಳು ತಾನಾಗಿ ಮನಸ್ಸು ಮಾಡಿದ್ದರೆ, ಮಗುವಿನ ಸಲುವಾಗಿ ಆಗಬಹುದು ಎಂದಿದ್ದರಂತೆ. ಆ ಶನಿವಾರದಿಂದ ನನ್ನ ಕೆಲಸ ಶುರುವಾಯಿತು.

ಶನಿವಾರ ನನಗೂ ದೊಡ್ಡ ದಿನ. ನಮ್ಮ ವೆಂಕಪ್ಪನ ವಾರ, ಒಪ್ಪತ್ತಿನ ಊಟ. ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿಕೊಂಡು, ದೀಪ ಹಚ್ಚಿ, ಕುಂಕುಮ ಇಟ್ಟುಕೊಂಡು ಹೊರಡುತ್ತಿದ್ದೆ. ನಾನು ತಳ್ಳುವುದು, ಪಕ್ಕದಲ್ಲಿ ಆಕೆ ಎರಡೂ ಕೈ ಖಾಲಿ ಬಿಟ್ಟುಕೊಂಡು ನಡೆಯುವುದು. ದೊಡ್ಡ ರಸ್ತೆ ದಾಟುವಲ್ಲಿ ಕಂಬದ ಗುಂಡಿ ಒತ್ತಿದರೇ ಸಿಗ್ನಲ್ ಬೀಳುವುದು. ಅದನ್ನು ಒತ್ತುವವಳೂ ನಾನೇ. ದಾಟಿ ತಂತಿಯ ಒಳಗೆ ಸೇರಿದ ಮೇಲೂ, ಹೊರಗಿನಿಂದ ಬಂದ ಕುರ್ಚಿಗೆ ಅಂದು ಕೈ ಹಾಕಲು ಆಕೆಗೆ ಮನಸ್ಸೊಪ್ಪುತ್ತಿರಲಿಲ್ಲ. ಕಾರಿನೊಳಗಿದ್ದವರು ಸೀರೆಯವಳು, ತಲೆಬಟ್ಟೆಯವಳು, ಗಾಲಿಕುರ್ಚಿಯವಳು ಎಂದು ಮೂವರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಒಮ್ಮೆ ಮರೆತು ದಾರಿಯಲ್ಲಿ ಆಕೆಯ ಕೈಗೆ ಬಾಳೆಹಣ್ಣು ಕೊಟ್ಟುಬಿಟ್ಟೆ. ಹಿಡಿದುಕೊಂಡು ನಡೆಯುವಂತಿಲ್ಲ, ಎಸೆಯಲು ಮನಸ್ಸಿಲ್ಲ. ನಿಂತಲ್ಲೇ ನಿಂತು, ಕಣ್ಣು ಮುಚ್ಚಿ ಮಂತ್ರ ಹೇಳಿ, ಬೀದಿಯ ಮಧ್ಯೆ ಪೂರಾ ತಿಂದು ಮುಗಿಸಿ, "ಇನ್ನು ಮೇಲೆ ಸಣ್ಣದು ಕೊಡು, ಮೈ ಡಿಯರ್" ಎಂದಳು.

ನಮ್ಮ ಯಜಮಾನರು ಮೊದಲು ಗೊಣಗಿದರು. "ನಿನಗ್ಯಾಕ ಬೇಕಿತ್ತು ಈ ಉಸಾಬರಿ? ರಸ್ತೆದಾಗ ಏನರೆ ಆದ್ರ ಕೇಸ್ ಹಾಕ್ತಾರ ಈ ದೇಶದಾಗ."

"ಹಾಕಿದ್ರ ಹಾಕ್ಲಿ. ಮೊದಲ ನನ್ನ ಇಂಗ್ಲಿಷ್ ತಿಳಕೊಂಡು ಆಮ್ಯಾಲೆ ಹಾಕ್ಲಿ" ಎಂದೆ.

ಒಳಗೆ ಹಾಡು ಶುರುವಾದರೆ ಹುಡುಗಿ ಕತ್ತು ಮೇಲೆತ್ತಿ ಪಾರಿವಾಳದ ಸದ್ದು ಮಾಡುತ್ತಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ನಾಮಸ್ಮರಣೆ ಮಾಡಿಕೊಳ್ಳುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಪ್ರಾರ್ಥನೆ ಮುಗಿದು ಎಲ್ಲರೂ ನಿಂತು ಮಾತಾಡುವಾಗ ಆಕೆ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು: "ಈ ಕಡೆ ಯಾವುದಾದರೂ ನೆಲಮಹಡಿಯ ಮನೆ ಖಾಲಿಯಾಗುವುದಿದೆಯೇ?" ಅವರು "ದೇವರು ನಡೆಸಿಕೊಡಲಿ" ಎನ್ನುತ್ತಿದ್ದರು. ಒಳ್ಳೆಯ ಜನವೇ. ಆದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹಿಂತಿರುಗುವಾಗ ಒಮ್ಮೆ ಆಕೆ ನನ್ನ ತೋಳು ಮುಟ್ಟಿ ಹೇಳಿದಳು: "ನಿನ್ನ ಉಪಕಾರ ದೊಡ್ಡದು. ಆದರೆ ಒಂದು ಮಾತು ಹೇಳಿದರೆ ಬೇಸರ ಮಾಡಿಕೊಳ್ಳಬಾರದು. ನನ್ನ ಮಗಳನ್ನು ದೇವರ ಮನೆಗೆ ನಾನೇ ತಳ್ಳಿಕೊಂಡು ಹೋಗಬೇಕು. ಒಂದೇ ಒಂದು ಶನಿವಾರ."

ಬೇಸರವೆಲ್ಲಿಂದ ಬರಬೇಕು? ನನಗೆ ಕಣ್ಣು ತುಂಬಿ ಬಂತು.

ಆಮೇಲಿನ ವರ್ಷಗಳೆಲ್ಲ ಆಕೆಗೆ ಮನೆ ಹುಡುಕುವುದೇ ಆಯಿತು. ಬ್ರೂಕ್ಲಿನ್ನಿನಲ್ಲಿ ನೋಡಿದರು, ಅಲ್ಲಿ ಅವರ ಜನ ಬೇಕಾದಷ್ಟು, ಆದರೆ ಅವರ ಕೈಗೆಟುಕುವ ಮನೆಗಳೆಲ್ಲ ಲಿಫ್ಟ್ ಇಲ್ಲದ ಮೂರನೇ ಮಹಡಿಯವು. ಉತ್ತರಕ್ಕೆ ಗುಡ್ಡದ ಕಡೆ ಒಂದು ಊರಿತ್ತು. ಮನೆ ಅಗ್ಗ, ತಂತಿಯೂ ಇತ್ತು, ಈ ಹುಡುಗಿಯಂಥವರಿಗೆ ಶಾಲೆ ಇರಲಿಲ್ಲ. ಎಡಿಸನ್ನಿನ ಶಾಲೆಯಲ್ಲಿ ಅವಳಿಗೆ ಚಮಚ ಹಿಡಿಯಲು ಕಲಿಸಿದ್ದರು. ಅದನ್ನು ಬಿಟ್ಟು ಹೋಗಲು ತಾಯಿಗೆ ಧೈರ್ಯವಿಲ್ಲ. ಶಾಲೆ ಇದ್ದಲ್ಲಿ ಮನೆ ದುಬಾರಿ, ಮನೆ ಸಿಕ್ಕಲ್ಲಿ ಗುಡಿ ಇಲ್ಲ, ಎರಡೂ ಇದ್ದಲ್ಲಿ ಶಾಲೆ ಇಲ್ಲ. "ನಾನು ಕೇಳುತ್ತಿರುವುದು ಬರೀ ಮೂರು, ದೇವರ ಲೆಕ್ಕದಲ್ಲಿ ಅದೇ ಜಾಸ್ತಿಯಾಯಿತೋ ಏನೋ" ಎಂದು ಒಮ್ಮೆ ನಕ್ಕಳು. ಆ ನಗುವಿನಲ್ಲಿ ಜೀವವಿರಲಿಲ್ಲ.

ಒಂದು ಭಾನುವಾರ ರಸ್ತೆಯಾಚೆ, ತಂತಿಯ ಒಳಗೇ, ಒಂದು ಹಳೆಯ ಮನೆ ಮಾರಾಟಕ್ಕೆ ಬಂತು. ಆಕೆಯ ಅಣ್ಣ ಸ್ವಲ್ಪ ಸಹಾಯ ಮಾಡುತ್ತೇನೆಂದಿದ್ದ. ನನ್ನನ್ನೂ ಕರೆದುಕೊಂಡು ಹೋದಳು. ಬಾಗಿಲಲ್ಲಿ ಮೆಟ್ಟಿಲಿರಲಿಲ್ಲ. ಬಚ್ಚಲಮನೆಯ ಬಾಗಿಲಿಗೆ ಖಾಲಿ ಗಾಲಿಕುರ್ಚಿಯನ್ನು ತಳ್ಳಿ ನೋಡಿದಳು. ಎರಡೂ ಕಡೆ ತಾಕದೆ ಒಳಗೆ ಹೋಯಿತು. ಆಕೆ ಅಲ್ಲೇ ಬಾಗಿಲಿಗೆ ಒರಗಿ ನಿಂತುಬಿಟ್ಟಳು.

ಅಷ್ಟರಲ್ಲಿ ಹಿಂದಿನಿಂದ ಯಾರೋ, "ಆಂಟಿ, ನೀವು ಕನ್ನಡದವ್ರಾ?" ಎಂದರು. ಬೆಂಗಳೂರಿನ ಕಡೆಯ ಎಳೆಯ ದಂಪತಿ, ಇಬ್ಬರೂ ಸಾಫ್ಟ್‌ವೇರಿನವರು. "ಸೀರೆ ನೋಡಿ ಅನ್ಕೊಂಡೆ ಆಂಟಿ! ಸ್ಟೇಷನ್‌ಗೆ ಎಷ್ಟು ಹತ್ರ ಅಲ್ವಾ? ನಮ್ಗಂತೂ ತುಂಬಾ ಇಷ್ಟ ಆಯ್ತು. ಇವತ್ತೇ ಆಫರ್ ಹಾಕ್ಬಿಡ್ತೀವಿ, ಕೇಳಿದ್ದಕ್ಕಿಂತ ಮೇಲೆ" ಎಂದು ಹೆಂಡತಿ ಸಂಭ್ರಮದಿಂದ ಹೇಳಿದಳು. ಬಸುರಿ. ಮುಖದಲ್ಲಿ ಅಷ್ಟು ಸಂತೋಷ. ನನ್ನ ಮಾತಿನಲ್ಲಿ ನನ್ನನ್ನು ಮಾತಾಡಿಸುತ್ತಿದ್ದವಳು ಒಂದು ಕಡೆ, ನನ್ನ ಕೈಹಿಡಿದು ಕರೆತಂದವಳು ಒಂದು ಕಡೆ.

ಆಕೆಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಬಸುರಿಯ ಹೊಟ್ಟೆ ನೋಡಿ, "ದೇವರು ಒಳ್ಳೆಯದು ಮಾಡಲಿ ಮಗಳೇ" ಎಂದಳು. ಮನೆ ಅವರದಾಯಿತು. ವಾಪಸು ಬರುವಾಗ ನಾನು ಸುಮ್ಮನೆ ಅಳುತ್ತಿದ್ದರೆ ಆಕೆಯೇ ನನಗೆ ಸಮಾಧಾನ ಹೇಳಿದಳು: "ಅವರಿಗೂ ಮನೆ ಬೇಕಲ್ಲ, ಮೈ ಡಿಯರ್."

ಅದಾದ ಮೇಲಿನ ಬೇಸಿಗೆಯಲ್ಲಿ ಆಕೆ ಸೊರಗತೊಡಗಿದಳು. ಹೊಟ್ಟೆನೋವು ಎನ್ನುತ್ತಿದ್ದಳು. ಡಾಕ್ಟರ ಹತ್ತಿರ ಹೋಗುವುದು ಮಗಳಿಗಾಗಿ ಮಾತ್ರ ಎಂಬಂತೆ ಬದುಕಿದವಳು. ಕೊನೆಗೆ ತೋರಿಸಿದಾಗ ಗಡ್ಡೆ ಹಬ್ಬಿಬಿಟ್ಟಿತ್ತು. ಕಡೆಯ ಕೆಲವು ಶನಿವಾರ ಆಕೆಗೆ ರಸ್ತೆ ದಾಟುವ ಶಕ್ತಿಯಿರಲಿಲ್ಲ. ನಾನೂ ಮೇಷ್ಟ್ರೂ ಹುಡುಗಿಯನ್ನು ಕರೆದುಕೊಂಡು ಹೋದೆವು. ಆಕೆ ಕಿಟಕಿಯಲ್ಲಿ ಕುಳಿತು ನಾವು ಮೂಲೆ ತಿರುಗುವವರೆಗೂ ನೋಡುತ್ತಿದ್ದಳು. "ಇವತ್ತು ಹಾಡಿದರೇ? ಇವಳು ಸದ್ದು ಮಾಡಿದಳೇ?" ಎಂದು ಕೇಳುತ್ತಿದ್ದಳು. ಮಾಡಿದಳು ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಹೋಗಿಬಿಟ್ಟಳು.

ಅವರಲ್ಲಿ ಸತ್ತವರ ಮನೆಯವರು ಏಳು ದಿನ ಮನೆಯಲ್ಲೇ ತಗ್ಗಿನ ಮಣೆಯ ಮೇಲೆ ಕೂರುತ್ತಾರೆ. ಅವರು ಪ್ರಾರ್ಥನೆಗೆ ಹೋಗುವ ಬದಲು ಪ್ರಾರ್ಥನೆಯೇ ಅವರ ಮನೆಗೆ ಬರುತ್ತದೆ. ಕನಿಷ್ಠ ಹತ್ತು ಜನ ಗಂಡಸರು ಸೇರಬೇಕು. ಬೆಳಿಗ್ಗೆ ಸಂಜೆ ಜನ ಬಂದರು. ದೊಡ್ಡ ರಸ್ತೆ ದಾಟಿ, ಅದೇ ಗುಂಡಿ ಒತ್ತಿ, ಲಾರಿಗಳ ಗಾಳಿಗೆ ಟೋಪಿ ಹಿಡಿದುಕೊಂಡು ಬಂದರು. ಆ ಪುಟ್ಟ ಹಾಲಿನಲ್ಲಿ ಹುಡುಗಿ ನಡುವೆ ಕುರ್ಚಿಯಲ್ಲಿ, ಸುತ್ತ ಪ್ರಾರ್ಥನೆ ಹೇಳುವವರು. ಇಷ್ಟು ಜನರ ಮಧ್ಯೆ ಮಗಳನ್ನು ಕೂರಿಸಬೇಕೆಂದೇ ಆಕೆ ಊರೂರು ಅಲೆದದ್ದು. ಈಗ ಅವರೆಲ್ಲ ಬಾಗಿಲಿಗೇ ಬಂದಿದ್ದರು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಬಿಳಿ ಗಡ್ಡದ ಮುದುಕರೊಬ್ಬರು ಹೊರಗೆ ನಿಂತು ರಸ್ತೆಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡು, "ಈ ರಸ್ತೆ ದಾಟಿಸಿಯೇ ನೀವು ಪ್ರತಿ ವಾರ ಕರೆತರುತ್ತಿದ್ದುದೇ? ನಮಗೆ ಗೊತ್ತೇ ಇರಲಿಲ್ಲ" ಎಂದರು.

ನನಗೆ ಸುತ್ತುಬಳಸಿ ಮಾತಾಡಲು ಬರುವುದಿಲ್ಲ. ಇಂಗ್ಲಿಷಿನಲ್ಲಂತೂ ಬರುವುದೇ ಇಲ್ಲ. "ಆಕೆ ಹೇಳಿದ್ದಳು. ಪ್ರತಿ ವಾರ ಕೇಳಿದ್ದಳು. ನಿಮ್ಮನ್ನೂ ಕೇಳಿದ್ದಳು. ನಾನು ಪಕ್ಕದಲ್ಲೇ ಇದ್ದೆ" ಎಂದೆ.

ತಂತಿಯ ಒಳಗೇ ಇದ್ದ ಆ ಮುದುಕರ ಮನೆಯ ಕೆಳಭಾಗದಲ್ಲಿ, ತೀರಿಕೊಂಡ ತಾಯಿ ಇದ್ದ ಎರಡು ಕೋಣೆ ಬೀಗ ಹಾಕಿ ಬಿದ್ದಿದ್ದವು. ಬಾಗಿಲಿಗೆ ಇಳಿಜಾರು ಕೂಡ ಇತ್ತಂತೆ. ಏಳು ದಿನ ಮುಗಿದ ಮೇಲೆ ಬಂದು ಮೇಷ್ಟ್ರ ಕೈಗೆ ಬೀಗದ ಕೈ ಕೊಟ್ಟು, "ನಿನಗೆ ಎಷ್ಟಾಗುತ್ತದೋ ಅಷ್ಟು ಕೊಡು" ಎಂದರು. ಅವರ ಮೇಲೆ ನನಗಿದ್ದ ಸಿಟ್ಟು ಇಳಿಯಲಿಲ್ಲ. ಆದರೂ ಅವರ ಹೆಸರಿನಲ್ಲಿ ಒಂದು ದೀಪ ಹಚ್ಚಿದೆ. ತಡವಾಗಿ ಬಂದದ್ದೂ ದೇವರ ಕಡೆಯಿಂದಲೇ ಬಂದದ್ದು ಎಂದು ತಿಳಿದು ಬಾಳುವವಳು ನಾನು.

ಅವರು ಹೊಸ ಮನೆಗೆ ಹೋದ ಮೇಲಿನ ಮೊದಲ ಶನಿವಾರ ನಾನೊಬ್ಬಳೇ ರಸ್ತೆ ದಾಟಿ ಹೋಗಿ ಫುಟ್‌ಪಾತಿನಲ್ಲಿ ನಿಂತೆ. ಮೇಷ್ಟ್ರು ಕುರ್ಚಿ ತಳ್ಳಿಕೊಂಡು ಬರುತ್ತಿದ್ದರು. ನನ್ನನ್ನು ಕಂಡು ತಲೆಬಾಗಿದರು. ಹುಡುಗಿ ಗುಡಿಯ ಬಾಗಿಲು ಕಾಣುತ್ತಲೇ ಕತ್ತು ಎತ್ತಿದಳು. ಅವರು ಒಳಗೆ ಹೋದರು. ನನ್ನ ಅಗತ್ಯವಿರಲಿಲ್ಲ, ನಾನು ಮನೆಗೆ ಬಂದೆ.

ಬಂದು ದೇವರ ಮುಂದೆ ಕುಳಿತೆ. ಹುಟ್ಟಿದಾಗಿನಿಂದ ನಾನು ಅವನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಕೇಳಿದೆ. ಆ ಹುಡುಗಿಗೆ ಇನ್ನು ಇರುವ ಶನಿವಾರಗಳನ್ನೆಲ್ಲ ಕೊಟ್ಟೆಯಲ್ಲಪ್ಪ, ಆಕೆ ಕೇಳಿದ್ದು ಒಂದು. ಅದೊಂದನ್ನು ಕೊಟ್ಟಿದ್ದರೆ ನಿನಗೇನು ಕಡಿಮೆಯಾಗುತ್ತಿತ್ತು?