ನೀರಿಗೆ ಅಂಜಿದ ಚಂದ್ರಿ

ಕುದುರೆಯ ಹತ್ತಿರ ಹೋಗಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಮದುವೆಯ ಮೆರವಣಿಗೆಯಲ್ಲಿ ಕುದುರೆ ಮೇಲೆ ಕೂರಿಸಿದಾಗ ನಾನು ಗಟ್ಟಿಯಾಗಿ ಹಿಡಿದದ್ದು ಲಗಾಮನ್ನಲ್ಲ, ಪಕ್ಕದಲ್ಲಿ ನಡೆಯುತ್ತಿದ್ದ ಸೋದರಮಾವನ ರುಮಾಲನ್ನು. ಅಂಥವನ ಸಿಂದಗಿಯ ಮನೆಯ ಹಿತ್ತಲಿಗೇ ಒಂದು ಕುದುರೆ ಬಂದು ನಿಂತಿತು.

ಅದು ನನ್ನ ಹೆಂಡತಿ ಗೌರವ್ವನ ಅಣ್ಣ ಬೀರಪ್ಪನ ಹೆಣ್ಣು ಕುದುರೆ ಚಂದ್ರಿ. ಬೀರಪ್ಪ ದೇವಣಗಾಂವದ ಕುರಿಗಾರ. ಹಿಂಡು ಊರಿಂದೂರಿಗೆ ಹೊರಟಾಗ ಪಾತ್ರೆ, ಕಂಬಳಿ, ಹೊಸದಾಗಿ ಹುಟ್ಟಿದ ಕುರಿಮರಿ ಎಲ್ಲವನ್ನೂ ಹೊರುವವಳು ಅವಳೇ. ಭೀಮಾ ನದಿ ಉಕ್ಕಿದಾಗ ಅವಳು ಕಟ್ಟಿಹಾಕಿದ್ದ ಗೂಟದಲ್ಲೇ ಕುತ್ತಿಗೆಮಟ್ಟ ನೀರಲ್ಲಿ ಸಿಕ್ಕಿಕೊಂಡಿದ್ದಳು. ಜನ ಈಜಿ ಹೋಗಿ ಹಗ್ಗ ಕೊಯ್ದು ದಡಕ್ಕೆ ತಂದರು. ಜೀವ ಉಳಿಯಿತು. ಆದರೆ ಅಂದಿನಿಂದ ಹಳ್ಳ ದಾಟುವುದಿರಲಿ, ದಾರಿಯ ರಾಡಿನೀರು ಕಂಡರೂ ಮೈಯೆಲ್ಲ ನಡುಗುತ್ತಿತ್ತು.

"ಹಳ್ಳ ದಾಟದ ಕುದುರಿ ಕಟ್ಕೊಂಡು ನಾ ಏನ್ ಮಾಡ್ಲಿ? ಸಂತ್ಯಾಗ ಮಾರಿಬಿಡ್ತೇನಿ," ಅಂದ ಬೀರಪ್ಪ.

"ಮಾರೂದು ಆಮ್ಯಾಲ. ಮೊದಲ ನಮ್ಮನಿಗೆ ಕಳಸು," ಅಂದಳು ಗೌರವ್ವ.

ಅವಳು ಮಾಡಿದ್ದು ನೋಡುವವರಿಗೆ ಕೆಲಸದಂತೆಯೇ ಕಾಣುತ್ತಿರಲಿಲ್ಲ. ಹಿತ್ತಲಲ್ಲಿ ಒದ್ದೆ ಗೋಣಿಚೀಲ ಹಾಸಿ, ಅದರಾಚೆ ಮೇವಿಟ್ಟು, ಹಗ್ಗ ಸಡಿಲ ಬಿಟ್ಟು, ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಚಂದ್ರಿ ಹಿಂದೆ ಸರಿದರೆ ಸರಿಯಲಿ. ನಾನು ಫೋನಿನಲ್ಲಿ ಓದಿ ಉಪನ್ಯಾಸ ಕೊಟ್ಟೆ: ಕುದುರೆಯ ಕಣ್ಣುಗಳು ತಲೆಯ ಎರಡೂ ಬದಿಗಿರುತ್ತವೆ, ಕಾಲ ಮುಂದಿನ ನೀರು ಎಷ್ಟು ಆಳವೆಂದು ಅದಕ್ಕೆ ಸುಲಭವಾಗಿ ತಿಳಿಯದು. ಗೌರವ್ವ ಕೇಳಿಸಿಕೊಂಡು, ತಾನೇ ಮುಂದೆ ನಡೆದು ಗೋಣಿಯ ಮೇಲೆ ನಿಂತು ತೋರಿಸತೊಡಗಿದಳು. ನನ್ನ ಓದು ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಚಂದ್ರಿ ಗೋಣಿ ತುಳಿದಳು. ಆಮೇಲೆ ಕೆಸರು, ಆಮೇಲೆ ಗೊರಸು ಮುಳುಗುವಷ್ಟು ನೀರು. ಅಷ್ಟರಲ್ಲಿ ಬೀರಪ್ಪ ಬಂದ. ಹಿಂಡು ಹೊರಡುವ ಹೊತ್ತಾಗಿತ್ತು. ಚಂದ್ರಿ ನೀರಿನ ಮುಂದೆ ತಡೆದು ನಿಂತದ್ದು ನೋಡಿ ಬಾರುಕೋಲು ಎತ್ತಿದ. ಗೌರವ್ವ ನಡುವೆ ಹೋಗಿ ನಿಂತಳು.

"ಅಂಜಿದ್ದಕ್ಕ ಹೊಡದ್ರ ಎರಡು ಅಂಜಿಕಿ ಆಗ್ತಾವ ಅಣ್ಣಾ. ನೀರಿಂದೊಂದು, ನಿಂದೊಂದು."

ಬೀರಪ್ಪ ಕೋಲು ಇಳಿಸಿದ. ಆದರೂ ಅವನ ಮುಖದಲ್ಲಿ ನಂಬಿಕೆ ಇರಲಿಲ್ಲ. "ನಾಳಿ ಹಳ್ಳದಾಗ ನೋಡೂಣು. ದಾಟ್ಲಿಲ್ಲಂದ್ರ ಮಾರೂದ," ಅಂದ.

ಮರುದಿನ ಕುರಿಗಳೆಲ್ಲ ಹಳ್ಳ ದಾಟಿದವು. ಚಂದ್ರಿ ಗೌರವ್ವನ ಹಿಂದೆ ಇಳಿದು ನಡುನೀರಿನಲ್ಲಿ ನಿಂತುಬಿಟ್ಟಳು. ಮೈ ನಡುಗುತ್ತಿತ್ತು, ಕಿವಿ ಸೆಟೆದಿದ್ದವು. ಒಂದು ಸಲ ಎಳೆದರೆ ಸಾಕು, ಹಿಂದಕ್ಕೆ ಓಡುತ್ತಾಳೆಂದು ನನಗೂ ಗೊತ್ತಾಯಿತು. ಗೌರವ್ವ ಎಳೆಯಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಸೀರೆ ತೊಯ್ಯಿಸಿಕೊಂಡು ತಾನೂ ನಿಂತಳು. ಆಚೆ ದಡದ ಬೀರಪ್ಪ ಏನೋ ಕೂಗಲು ಬಾಯಿ ತೆರೆದವನು ಹಾಗೇ ಕಲ್ಲಿನ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ಚಂದ್ರಿ ತಲೆ ತಗ್ಗಿಸಿ ನೀರು ಮೂಸಿದಳು, ಕುಡಿದಳು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ದಡ ಹತ್ತಿದಳು.

ಅವಳ ಅಂಜಿಕೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಈಗಲೂ ನೀರಿನ ಅಂಚಿಗೆ ಬಂದರೆ ನಿಲ್ಲುತ್ತಾಳಂತೆ. ಬೀರಪ್ಪನೂ ಹಗ್ಗ ಸಡಿಲ ಬಿಟ್ಟು ಅವಳ ಪಕ್ಕದಲ್ಲಿ ನಿಲ್ಲುತ್ತಾನಂತೆ.